ಬೇಲಿ: ಬಂಧವೋ, ರಕ್ಷೆಯೋ?

ಕಳೆದ ಚಾತುರ್ಮಾಸದ ಕೊನೆಯ ವಾರದಲ್ಲಿ ನಮ್ಮ ಬಡಾವಣೆಯ ಬಸದಿಯೊಂದರ ಆಡಳಿತ ಸಮಿತಿಯವರು ನನ್ನನ್ನು ಕರೆಸಿಕೊಂಡಿದ್ದರು. ನಗರದ ದಕ್ಷಿಣಕ್ಕೆ, ಕನಕಪುರ ರಸ್ತೆಯಿಂದ ಬಹಳ ಒಳಗೆ, ದಾನಿಯೊಬ್ಬರು ಗೋಶಾಲೆಗೆಂದು ಐದು ಎಕರೆ ಭೂಮಿಯನ್ನು ಬಿಟ್ಟುಕೊಟ್ಟಿದ್ದಾರೆ. ವಿದ್ಯುತ್ ಕಂಬ ಇನ್ನೂ ಅಲ್ಲಿಯವರೆಗೆ ಬಂದಿಲ್ಲ. ಬಾವಿಯೊಂದಿದೆ, ಹುಲ್ಲಿದೆ, ಆಚೆಗೆ ಕಾಡಿದೆ. ಕಬ್ಬಿಣದ ಸಾಮಾನಿನ ವ್ಯಾಪಾರಿಯಾದ ನನ್ನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: “ಸುತ್ತಲೂ ಐದು ಎಳೆ ಮುಳ್ಳುತಂತಿ ಹಾಕಿಸಿದರೆ ಎಷ್ಟು ಬಂಡಲ್ ಬೇಕಾದೀತು, ದರ ಎಷ್ಟಾದೀತು?”

ನಲವತ್ತು ವರ್ಷ ಇದೇ ವ್ಯಾಪಾರ ಮಾಡಿದವನಿಗೆ ಈ ಲೆಕ್ಕ ಕಷ್ಟದ್ದಲ್ಲ. ಭೂಮಿ ಚೌಕವಾಗಿದೆಯೆಂದು ಹಿಡಿದರೆ ಸುತ್ತಳತೆ ಸುಮಾರು 570 ಮೀಟರ್. ಹತ್ತು ಅಡಿಗೊಂದರಂತೆ 187 ಕಲ್ಲುಕಂಬ. ಐದು ಎಳೆಗೆ 2,850 ಮೀಟರ್ ತಂತಿ. ಅಷ್ಟಕ್ಕೇ ನಿಲ್ಲಿಸಿ ದರಪಟ್ಟಿ ಬರೆದುಕೊಡಬಹುದಾಗಿತ್ತು. ಆದರೆ ಆ ದಿನ ಏಕೋ ಕೈ ಇನ್ನೊಂದು ಸಾಲು ಮುಂದುವರಿಯಿತು. ಮೂರು ಅಂಗುಲಕ್ಕೊಂದು ಮುಳ್ಳಿನ ಗಂಟು ಎಂದರೆ ಸುಮಾರು 37,400 ಗಂಟುಗಳು. ಗಂಟೊಂದಕ್ಕೆ ನಾಲ್ಕು ಮೊನೆ ಎಂದರೆ ಸುಮಾರು ಒಂದೂವರೆ ಲಕ್ಷ ಕಬ್ಬಿಣದ ಮೊನೆಗಳು. ಜೀವದಯೆಯ ಹೆಸರಿನಲ್ಲಿ ಐದು ಎಕರೆಯ ಸುತ್ತ ಒಂದೂವರೆ ಲಕ್ಷ ಮೊನೆಗಳನ್ನು ನಿಲ್ಲಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಶಂಕೆ ಮೂಡಿತು. ಕಾಲಾವಕಾಶ ಕೇಳಿಕೊಂಡು ಬಂದೆ. ಈ ಲೇಖನವು ಆ ಸಮಿತಿಗೆ ನಾನು ಕೊಡಬೇಕಾಗಿರುವ ಉತ್ತರ. ಇಂದು ನಗರದ ಅಂಚಿನಲ್ಲಿ ಅನೇಕ ಟ್ರಸ್ಟುಗಳು ಇಂತಹ ಕಾರ್ಯಕ್ಕೆ ಕೈಹಾಕುತ್ತಿರುವುದರಿಂದ ಅದನ್ನು ಎಲ್ಲರ ಮುಂದಿಡುತ್ತಿದ್ದೇನೆ.

ನೇಮಿನಾಥರು ಕಂಡ ಬೇಲಿ

ಬೇಲಿಯ ಮಾತು ಬಂದಾಗ ಜೈನನ ನೆನಪಿಗೆ ಮೊದಲು ಬರಬೇಕಾದವರು 22ನೆಯ ತೀರ್ಥಂಕರರಾದ ನೇಮಿನಾಥರು. ರಾಜೀಮತಿಯನ್ನು ವರಿಸಲು ದಿಬ್ಬಣದೊಡನೆ ಹೊರಟಿದ್ದ ರಾಜಕುಮಾರನಿಗೆ ದಾರಿಯಲ್ಲಿ ಪ್ರಾಣಿಗಳ ಆಕ್ರಂದನ ಕೇಳಿಸಿತು. ಮದುವೆಯ ಔತಣಕ್ಕೆಂದು ಅವುಗಳನ್ನು ಬೇಲಿಯೊಳಗೆ ಕೂಡಿಹಾಕಿದ್ದರು. ಆತ ರಥವನ್ನು ತಿರುಗಿಸಿದನು; ಅಲ್ಲಿಂದ ಮುಂದಿನ ಪಯಣ ಗಿರಿನಾರ ಪರ್ವತಕ್ಕೆ. ನಮ್ಮ ಕನ್ನಡದಲ್ಲಿ ಕರ್ಣಪಾರ್ಯನು 12ನೆಯ ಶತಮಾನದಲ್ಲಿ ಈ ಚರಿತೆಯನ್ನು ಕಾವ್ಯವಾಗಿಸಿದನು. ನೇಮಿಚಂದ್ರನ ಕೃತಿಯು ಅಪೂರ್ಣವಾಗಿ ಉಳಿದು ‘ಅರ್ಧನೇಮಿ’ ಎಂದೇ ಹೆಸರಾಯಿತು. ಆ ಕಾವ್ಯವು ಈ ಬೇಲಿಯವರೆಗೆ ಬಂದು ತಲುಪಲೇ ಇಲ್ಲ.

ಈ ಪ್ರಸಂಗವನ್ನು ನಾವು ವೈರಾಗ್ಯದ ಕಥೆಯೆಂದು ಓದುತ್ತೇವೆ. ಅದರಲ್ಲಿ ಬೇಲಿಯ ವಿಚಾರವೂ ಇದೆ. ಆ ಬೇಲಿ ಭದ್ರವಾಗಿಯೇ ಇದ್ದಿರಬೇಕು. ಒಳಗೆ ಮೇವು, ನೀರೂ ಇದ್ದಿರಬಹುದು. ತೋಳ, ಚಿರತೆಗಳಿಂದ ಆ ಪ್ರಾಣಿಗಳಿಗೆ ಅದು ರಕ್ಷಣೆಯನ್ನೂ ಕೊಟ್ಟಿರಬಹುದು. ಆದರೂ ಅದು ರಕ್ಷೆಯಾಗಿರಲಿಲ್ಲ, ಬಂಧನವಾಗಿತ್ತು. ಏಕೆಂದರೆ ಅದನ್ನು ಕಟ್ಟಿದವನ ಗಮನ ಒಳಗಿದ್ದ ಜೀವದ ಮೇಲಿರಲಿಲ್ಲ, ಅದರಿಂದ ತನಗಾಗುವ ಪ್ರಯೋಜನದ ಮೇಲಿತ್ತು.

ಹಾಗಾದರೆ ಉದ್ದೇಶ ಒಳ್ಳೆಯದಾಗಿದ್ದರೆ ಸಾಕೇ? ಶಾಸ್ತ್ರಕಾರರು ಅಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಮೊದಲನೆಯದೇ ಬಂಧ, ಅಂದರೆ ಕಟ್ಟಿಹಾಕುವುದು, ಕೂಡಿಹಾಕುವುದು. ಹೊಡೆಯುವುದಕ್ಕೂ ಅಂಗಚ್ಛೇದಕ್ಕೂ ಮೊದಲು ಅದರ ಹೆಸರು ಬಂದಿದೆ.

ಆದರೆ ಹಸುವನ್ನು ಸಾಕುವ ಗೃಹಸ್ಥನು ಅದನ್ನು ಕಟ್ಟದೆ ಇರುವುದು ಹೇಗೆ? ಇದಕ್ಕೆ ಶ್ರಾವಕಾಚಾರದ ವ್ಯಾಖ್ಯಾನಕಾರರು ಕೊಟ್ಟಿರುವ ಉತ್ತರ ಬಹಳ ವ್ಯಾವಹಾರಿಕವಾದುದು. ಬಂಧದಲ್ಲಿ ಎರಡು ಬಗೆಯೆಂದು ಅವರು ಹೇಳುತ್ತಾರೆ: ನಿರಪೇಕ್ಷ ಮತ್ತು ಸಾಪೇಕ್ಷ. ಪ್ರಾಣಿಯ ಗತಿಯೇನೆಂದು ಚಿಂತಿಸದೆ ಬಿಗಿದು ಕಟ್ಟುವುದು ನಿರಪೇಕ್ಷ. ಅದರ ಹಿತವನ್ನು ಲೆಕ್ಕಕ್ಕೆ ತೆಗೆದುಕೊಂಡು, ಬೆಂಕಿ ಬಿದ್ದಾಗ ಬಿಚ್ಚಿಕೊಳ್ಳುವಂತೆ ಸಡಿಲವಾದ ಗಂಟಿನಿಂದ ಕಟ್ಟುವುದು ಸಾಪೇಕ್ಷ. ಕಟ್ಟದೆಯೇ ನಿಲ್ಲುವ ಪ್ರಾಣಿಗಳನ್ನು ಮಾತ್ರ ಸಾಕುವುದು ಶ್ರಾವಕನಿಗೆ ಇನ್ನೂ ಶ್ರೇಷ್ಠ. ಈ ‘ಬೆಂಕಿ ಬಿದ್ದಾಗ’ ಎಂಬ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಒಂದು ಬೇಲಿಯ ಯೋಗ್ಯತೆಯನ್ನು ಶಾಂತಿಯ ದಿನದಲ್ಲಿ ಅಳೆಯಲಾಗದು, ಆಪತ್ತಿನ ದಿನದಲ್ಲಿ ಅಳೆಯಬೇಕು. ಹಳೆಯವರು ಹಗ್ಗಕ್ಕೆ ಹೇಳಿದ ಈ ಮಾತು ಕಲ್ಲಿಗೂ ಕಬ್ಬಿಣಕ್ಕೂ ವಿದ್ಯುತ್ತಿಗೂ ಅನ್ವಯಿಸುತ್ತದೆ.

ನಾಡಿನ ಹಳೆಯ ಬೇಲಿಗಳು

ನಮ್ಮ ಪೂರ್ವಿಕರು ದನಕರುಗಳನ್ನು ಹೇಗೆ ರಕ್ಷಿಸುತ್ತಿದ್ದರು? ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ ಒಂದು ಉತ್ತರ ದೊರೆಯುತ್ತದೆ. ಅವುಗಳಲ್ಲಿ ಅನೇಕವು ತುರುಗೋಳಿನ ಕಲ್ಲುಗಳು. ತುರು ಎಂದರೆ ದನ. ಹಗೆಗಳು ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಮಡಿದವನ ನೆನಪಿಗೆ ನಿಲ್ಲಿಸಿದವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಮತ್ತು ಸಾಲುಗಟ್ಟಿದ ಹಸುಗಳು, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಲೋಕ. ಯುದ್ಧದ ವಿಷಯದಲ್ಲಿ ನಮ್ಮ ಮತವೇನೇ ಇರಲಿ, ಈ ಕಲ್ಲುಗಳು ಒಂದು ಸತ್ಯವನ್ನು ಹೇಳುತ್ತವೆ. ಆ ಕಾಲದಲ್ಲಿ ದನಗಳ ಸುತ್ತಲಿನ ನಿಜವಾದ ಬೇಲಿ ಮನುಷ್ಯನೇ ಆಗಿದ್ದನು.

ಬೆಂಗಳೂರಿನ ದಕ್ಷಿಣಕ್ಕೆ, ರಾಮನಗರ, ಕನಕಪುರಗಳ ಕಡೆಗೆ ಹೋದರೆ ‘ದೊಡ್ಡಿ’ ಎಂದು ಕೊನೆಗೊಳ್ಳುವ ಊರಹೆಸರುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ದೊಡ್ಡಿಯೆಂದರೆ ದನ ಕೂಡುವ ಆವರಣ. ಕಾಡಿನ ನಡುವೆ ಮುಳ್ಳುಕೊಂಬೆಗಳನ್ನು ಒಟ್ಟಿ ದೊಡ್ಡಿ ಮಾಡಿ, ಹಗಲು ದನ ಮೇಯಿಸಿ, ರಾತ್ರಿ ಕೂಡಿ, ನಡುವೆ ಬೆಂಕಿ ಹಾಕಿಕೊಂಡು ಕಾವಲಿಗೆ ಮಲಗುವ ಪದ್ಧತಿ ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ನಮ್ಮ ಕಾಲದವರೆಗೂ ಉಳಿದುಬಂದಿತು. ದನಗಾಹಿಯೂ ಒಳಗೇ ಮಲಗುತ್ತಿದ್ದನೆಂಬುದು ಇಲ್ಲಿ ಮುಖ್ಯ. ದೊಡ್ಡಿಗೆ ಬೆಂಕಿ ತಗುಲಿದರೆ ಮೊದಲು ಬಿಸಿ ತಾಗುವುದು ಅವನಿಗೇ. ಗಂಟು ಬಿಚ್ಚುವವನು ಗಂಟಿನ ಪಕ್ಕದಲ್ಲಿಯೇ ಇದ್ದನು.

ಇನ್ನೊಂದು ಪದ ‘ಕಾವಲು’. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳ ವ್ಯವಸ್ಥೆಗೆ ಬೆಣ್ಣೆಚಾವಡಿ ಎಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಆ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಅವುಗಳನ್ನು ವಿಂಗಡಿಸಿದ್ದರು. ಹುಲ್ಲು ನೀರುಗಳನ್ನು ಅನುಸರಿಸಿ ಹಿಂಡುಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಎಷ್ಟೋ ಚದರ ಮೈಲಿಗಳ ಈ ಭೂಮಿಗೆ ಬೇಲಿಯಿರಲಿಲ್ಲ, ಕಾವಲುಗಾರರಿದ್ದರು. ಭೂಮಿಗೆ ಹೆಸರು ಬಂದದ್ದೂ ಕಾಯುವ ಕ್ರಿಯೆಯಿಂದಲೇ. ಬನಶಂಕರಿಯಿಂದ ಆಚೆ ನಾವು ನಿತ್ಯ ಕೇಳುವ ‘ಯು.ಎಂ. ಕಾವಲ್’, ‘ಬಿ.ಎಂ. ಕಾವಲ್’ ಎಂಬ ಹೆಸರುಗಳಲ್ಲಿ ಆ ಪದ ಇಂದಿಗೂ ಉಳಿದಿದೆ. ಅಲ್ಲಿ ನಿವೇಶನ ಕೊಳ್ಳುವ ನಮ್ಮವರಲ್ಲಿ ಆ ಪದದ ಅರ್ಥವನ್ನು ಯೋಚಿಸಿದವರು ಎಷ್ಟು ಮಂದಿಯೋ!

ಹೊಲಗಳಿಗಾದರೆ ಜೀವಂತ ಬೇಲಿ. ಕಳ್ಳಿ, ಕತ್ತಾಳೆ, ಸೀಗೆ, ಬಿದಿರು, ಹೊಂಗೆ. ಕಲ್ಲು ಹೇರಳವಾಗಿರುವ ನಮ್ಮ ಬೆಂಗಳೂರು, ಕೋಲಾರ ಸೀಮೆಯಲ್ಲಿ ನೆಟ್ಟಗೆ ಹೂಳಿದ ಕಲ್ಲುಚಪ್ಪಡಿಗಳು. ನಗರಕ್ಕೂ ಹಸಿರು ಬೇಲಿಯಿತ್ತು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರಿನ ಪೇಟೆಯ ಮೇಲೆ ಬಿದ್ದಾಗ, ಗೋಡೆ ಮತ್ತು ಕಂದಕಗಳ ನಡುವೆ ದಟ್ಟವಾಗಿ ಬೆಳೆಸಿದ್ದ ಮುಳ್ಳುಗಿಡಗಳ ಪಟ್ಟಿಯನ್ನು ದಾಟಬೇಕಾಯಿತು. ಹಸಿರು ಬೇಲಿಯಲ್ಲಿಯೂ ಮುಳ್ಳುಂಟು ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅದು ಕಣ್ಣಿಗೆ ಕಾಣುತ್ತದೆ. ಓಡಿಬಂದ ಪ್ರಾಣಿ ದೂರದಿಂದಲೇ ಅದನ್ನು ಗುರುತಿಸಿ ತಿರುಗುತ್ತದೆ. ಬುಡದಲ್ಲಿ ಮೊಲಕ್ಕೆ, ಮುಂಗುಸಿಗೆ, ಓತಿಗೆ ದಾರಿಯಿರುತ್ತದೆ. ಮೇಲೆ ಹಕ್ಕಿಗೆ ಗೂಡಿರುತ್ತದೆ.

ಬೇಲಿಯ ಇತಿಹಾಸವೆಲ್ಲ ದಯೆಯದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬ್ರಿಟಿಷರು ಉಪ್ಪಿನ ಮೇಲಿನ ಸುಂಕ ತಪ್ಪಿಹೋಗದಂತೆ ಉತ್ತರ ಭಾರತದ ಉದ್ದಕ್ಕೂ ಮುಳ್ಳುಗಿಡಗಳ ಮಹಾಬೇಲಿಯೊಂದನ್ನು ಬೆಳೆಸಿ, ಅದನ್ನು ಕಾಯಲು ಸಾವಿರಾರು ಜನರನ್ನು ನೇಮಿಸಿದ್ದರು. 1879ರಲ್ಲಿ ಅದನ್ನು ಕೈಬಿಡಲಾಯಿತು. ಬಡವನ ಗಂಜಿಗೂ ಉಪ್ಪಿಗೂ ನಡುವೆ ನಿಂತ ಬೇಲಿಯದು. ನಮ್ಮ ಮೈಸೂರು ಸೀಮೆಯಲ್ಲಿಯೇ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಆರಂಭಿಸಿದ ಖೆಡ್ಡಾ ಪದ್ಧತಿಯಲ್ಲಿ ಮರದ ದಿಮ್ಮಿಗಳ ಬೇಲಿಯೊಳಕ್ಕೆ ಕಾಡಾನೆಗಳನ್ನು ಅಟ್ಟಿ ಹಿಡಿಯುತ್ತಿದ್ದರು. ಕಾಕನಕೋಟೆಯಲ್ಲಿ 1971ರಲ್ಲಿ ನಡೆದ ಖೆಡ್ಡಾ ಕೊನೆಯದು. ಅದು ನೇಮಿನಾಥರು ಕಂಡ ಬೇಲಿಯ ವಂಶಕ್ಕೆ ಸೇರಿದ್ದು.

ಮುಳ್ಳುತಂತಿ ಬಂದ ಬಗೆ

ನಾನು ಮಾರುತ್ತಾ ಬಂದಿರುವ ಮುಳ್ಳುತಂತಿಗೆ ವಯಸ್ಸು ಬಹಳವಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ರೈತ ಜೋಸೆಫ್ ಗ್ಲಿಡನ್ ಎಂಬುವನು ಎರಡು ತಂತಿಗಳನ್ನು ಹೆಣೆದು ನಡುವೆ ಮುಳ್ಳನ್ನು ಭದ್ರಪಡಿಸುವ ವಿಧಾನಕ್ಕೆ 1874ರ ನವೆಂಬರ್ 24ರಂದು ಹಕ್ಕುಪತ್ರ ಪಡೆದನು. ಮರವೂ ಕಲ್ಲೂ ಇಲ್ಲದ ಬಯಲುಸೀಮೆಯಲ್ಲಿ ಅದು ಅತ್ಯಂತ ಅಗ್ಗದ ಬೇಲಿಯಾಯಿತು. ಅಗ್ಗವೇಕೆಂದರೆ ತಡೆಯುವ ಕೆಲಸವನ್ನು ತಂತಿಯ ಬಲ ಮಾಡುವುದಿಲ್ಲ, ಪ್ರಾಣಿಯ ನೋವು ಮಾಡುತ್ತದೆ. ಯಜಮಾನನು ಕಲ್ಲಿಗೂ ಕೂಲಿಗೂ ಕೊಡಬೇಕಾಗಿದ್ದ ಹಣವನ್ನು ಪ್ರಾಣಿಯು ತನ್ನ ಚರ್ಮದಿಂದ ಕೊಡುತ್ತದೆ. ವಾಣಿಜ್ಯಶಾಸ್ತ್ರ ಓದಿದವನಾಗಿ ಇದನ್ನು ನಾನು ವೆಚ್ಚದ ಉಳಿತಾಯವೆಂದು ಕರೆಯಲಾರೆ. ಇದು ವೆಚ್ಚದ ವರ್ಗಾವಣೆ.

ಆಪತ್ತಿನ ದಿನದಲ್ಲಿ ಈ ಬೇಲಿ ಏನು ಮಾಡಿತೆಂಬುದಕ್ಕೂ ದಾಖಲೆಯಿದೆ. 1885–86ರ ಚಳಿಗಾಲದಲ್ಲಿ ಟೆಕ್ಸಾಸಿನ ಉತ್ತರಭಾಗದಲ್ಲಿ ಭೀಕರ ಹಿಮಗಾಳಿ ಬೀಸಿತು. ಹಿಮಗಾಳಿಗೆ ಬೆನ್ನು ಕೊಟ್ಟು ದಕ್ಷಿಣಕ್ಕೆ ಸರಿಯುವುದು ದನಗಳ ಸ್ವಭಾವ. ಸಹಸ್ರಾರು ದನಗಳು ಹಾಗೆ ಸರಿಯುತ್ತಾ ಬಂದು, ಮೈಲಿಗಟ್ಟಲೆ ಹಾಕಿದ್ದ ಮುಳ್ಳುತಂತಿಗೆ ತಡೆದು, ಅಲ್ಲಿಯೇ ಒಂದರ ಮೇಲೊಂದು ಒತ್ತರಿಸಿ ನಿಂತು ಸತ್ತವು. ಬೆಂಕಿಯ ಬದಲು ಹಿಮ. ಬಿಚ್ಚಿಕೊಳ್ಳದ ಗಂಟು ಮಾತ್ರ ಅದೇ. ಮುಂದೆ 1899ರಿಂದ 1902ರವರೆಗಿನ ಬೋಯರ್ ಯುದ್ಧದಲ್ಲಿ ಇದೇ ತಂತಿಯು ಮನುಷ್ಯರನ್ನು ಕೂಡಿಹಾಕುವುದಕ್ಕೆ ಬಂದಿತು. ಮೊದಲನೆಯ ಮಹಾಯುದ್ಧದ ಕಂದಕಗಳ ಮುಂದೆ ಸೈನಿಕರನ್ನು ಸಿಕ್ಕಿಸುವುದಕ್ಕೂ ಬಂದಿತು. ದನಕ್ಕಾಗಿ ಮಾಡಿದ ಸಾಧನವು ಇಪ್ಪತ್ತೈದು ವರ್ಷಗಳಲ್ಲಿ ಮನುಷ್ಯನನ್ನು ಸುತ್ತಿಕೊಂಡಿತು.

ನಮ್ಮ ತಂದೆಯವರು 1970ರ ದಶಕದಲ್ಲಿ ಬನಶಂಕರಿಯಲ್ಲಿ ಅಂಗಡಿ ತೆರೆದರು. 1948ರಲ್ಲಿ ಆರಂಭವಾದ ಜಯನಗರ ಅಷ್ಟರಲ್ಲಿ ಬೆಳೆದು ನಿಂತಿತ್ತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾದ ಮೇಲೆ ಸುತ್ತಲೂ ಬಡಾವಣೆಗಳು ವೇಗವಾಗಿ ಹರಡಿದವು. ನಿವೇಶನ ಪಡೆದವರ ಮೊದಲ ಖರೀದಿ ಇಟ್ಟಿಗೆಯೂ ಅಲ್ಲ, ಸಿಮೆಂಟೂ ಅಲ್ಲ; ಎಂಟು ಕಲ್ಲುಕಂಬ ಮತ್ತು ಒಂದು ಬಂಡಲ್ ಮುಳ್ಳುತಂತಿ. ಸಾರಕ್ಕಿ, ಜರಗನಹಳ್ಳಿ, ಕತ್ರಿಗುಪ್ಪೆ, ಪುಟ್ಟೇನಹಳ್ಳಿಗಳ ದನಗಳು ತಲೆಮಾರುಗಳಿಂದ ಮೇಯುತ್ತಿದ್ದ ಬಯಲು ಹೀಗೆ ಚೌಕಚೌಕವಾಗಿ ಮುಚ್ಚಿಹೋಯಿತು. ಸಂಜೆ ಊರಿಗೆ ಮರಳುವ ಹಸುಗಳು ನಿನ್ನೆಯ ದಾರಿಯಲ್ಲಿ ಇಂದು ತಂತಿಯನ್ನು ಕಂಡು ನಿಂತುಬಿಡುತ್ತಿದ್ದುದನ್ನು ಅಂಗಡಿಯ ಕಟ್ಟೆಯಿಂದ ನಾನೇ ನೋಡಿದ್ದೇನೆ. ಅನಾದಿಯಿಂದ ದನಗಳನ್ನು ಕಾಯಲು ಇದ್ದ ಬೇಲಿ, ನಮ್ಮ ಕಾಲದಲ್ಲಿ ಬರಿಯ ಮಣ್ಣನ್ನು ದನಗಳಿಂದ ಕಾಯುವುದಕ್ಕೆ ಬಂದಿತು. ಆ ತಂತಿಯ ಲಾಭದಿಂದಲೇ ನನ್ನ ಬಿ.ಕಾಂ. ಓದು ನಡೆಯಿತು ಎಂಬುದನ್ನು ಮರೆಮಾಚಲಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಬಗೆಗಳನ್ನು ಹೇಳುವಾಗ ‘ಹಿಂಸಾದಾನ’ವನ್ನು ಸೇರಿಸಿದ್ದಾರೆ: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ವಿಷ, ಸಂಕೋಲೆ ಮೊದಲಾದವನ್ನು ಇತರರಿಗೆ ಒದಗಿಸುವುದು. ಆ ಪಟ್ಟಿಯ ಅರ್ಧಭಾಗ ನನ್ನ ಅಂಗಡಿಯಲ್ಲಿದೆ. ಗುದ್ದಲಿಯಿಂದ ಬದುಕುವವರೂ ಉಂಟು, ಅದನ್ನು ಮಾರುವುದು ಉದ್ಯೋಗದ ಅನಿವಾರ್ಯ ಎಂದು ಸಮಾಧಾನ ಹೇಳಿಕೊಂಡಿದ್ದೆ. ಮುಳ್ಳುತಂತಿಯ ವಿಷಯದಲ್ಲಿ ಆ ಸಮಾಧಾನ ಮುರಿದ ಬಗೆಯನ್ನು ಮುಂದೆ ಹೇಳುತ್ತೇನೆ.

ಕಾಡಂಚಿನ ಮೂರು ಎಕರೆ

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿಗೆ ಸಮೀಪವಾಗಿ ನಮ್ಮ ಕುಟುಂಬಕ್ಕೆ ಮೂರು ಎಕರೆ ಜಮೀನಿದೆ. ಅಲ್ಲಿಯೂ ವಿದ್ಯುತ್ ಸಂಪರ್ಕವಿಲ್ಲ. ಬಿಸಿಲಿನಿಂದ ಉರಿಯುವ ಎರಡು ದೀಪ, ಒಂದು ಬಾವಿ. ಹಾಲು ಬತ್ತಿದ ಮೇಲೆ ಬೇಡವಾದ ನಾಲ್ಕು ಹಸುಗಳನ್ನೂ ಕೆಲವು ಆಡುಗಳನ್ನೂ ತಂದು ಅಲ್ಲಿ ಬಿಟ್ಟೆ. ನೋಡಿಕೊಳ್ಳಲು ಹತ್ತಿರದ ಊರಿನ ದಂಪತಿಗಳು ಒಪ್ಪಿಕೊಂಡರು. ಅಂಗಡಿಯಿಂದಲೇ ಮುಳ್ಳುತಂತಿ ತರಿಸಿ, ನೆಲಕ್ಕೆ ಅರ್ಧ ಅಡಿ ಎತ್ತರದಿಂದ ಆರಂಭಿಸಿ ಐದು ಎಳೆ ಬಿಗಿಸಿದೆ. ಅಂತಹ ಭದ್ರವಾದ ಬೇಲಿ ಆ ಸುತ್ತಿನಲ್ಲಿ ಇರಲಿಲ್ಲವೆಂದು ನನಗೆ ಹೆಮ್ಮೆಯೂ ಇತ್ತು.

ಮೂರನೆಯ ತಿಂಗಳು ಚಿರತೆ ಬಂದಿತು. ತಂತಿಗಳ ನಡುವೆ ನುಸುಳಿತೋ, ಕಂಬದ ಬಳಿ ಹಾರಿತೋ ತಿಳಿಯದು. ಮೇಲ್ಛಾವಣಿ ಇಲ್ಲದ ಆಡಿನ ಗೂಡಿನಲ್ಲಿ ಒಂದನ್ನು ಒಯ್ದು ಎರಡನ್ನು ಕೊಂದುಹಾಕಿತ್ತು. ಓಡಿಹೋಗಲು ದಾರಿಯಿಲ್ಲದ ಕಡೆ ಹೆಚ್ಚು ಜೀವಗಳು ಸಾಯುತ್ತವೆಂಬುದು ಅನಂತರ ತಿಳಿಯಿತು. ಮರುವರ್ಷ ಬೇಸಿಗೆಯ ಒಂದು ಮುಂಜಾನೆ ಕೆಲಸದಾಕೆ ದೂರವಾಣಿ ಮಾಡಿದಳು. ಬಾವಿಯ ತೊಟ್ಟಿಗೆ ನೀರಿಗೆಂದು ಬಂದ ಜಿಂಕೆಯ ಮರಿಯೊಂದು ಕೆಳಗಿನ ಎರಡು ಎಳೆಗಳ ನಡುವೆ ಸಿಕ್ಕಿಕೊಂಡು, ರಾತ್ರಿಯೆಲ್ಲ ಒದ್ದಾಡಿ ಸತ್ತಿತ್ತು. ತಾಯಿ ಸ್ವಲ್ಪ ದೂರದಲ್ಲಿ ನಿಂತೇ ಇತ್ತಂತೆ. ನಾನು ಹೋಗಿ ನೋಡುವಾಗ ಆಕೆ ಹೇಳಿದ್ದು ಇಷ್ಟೇ: “ಯಜಮಾನ್ರೇ, ಬೇಲಿ ಹಾಕ್ಸಿದ್ದು ನಮ್ ದನ ಉಳೀಲಿ ಅಂತ. ಚಿರತೆ ಮಾತ್ರ ಬಂದು ಹೋಯ್ತು, ಇದರ ಕಂದ ಸಿಕ್ಕಾಕ್ಕೊಂತು.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ತಂತಿಯದಲ್ಲ, ನನ್ನದು. ತಂತಿ ಬಿಗಿದು ಬೀಗ ಹಾಕಿ ನಗರಕ್ಕೆ ಮರಳಿದವನು ನಾನು. ಬೇಲಿ ಕಟ್ಟಿದ ದಿನದಿಂದ ಕಾವಲನ್ನು ಬಿಟ್ಟಿದ್ದೆ. ಬೇಲಿಯೇ ಕಾವಲೆಂದು ನಂಬಿದ್ದೆ. ನಿರಪೇಕ್ಷ ಬಂಧವೆಂದರೆ ಇದೇ ಅಲ್ಲವೇ?

ವಿದ್ಯುತ್ತಿನ ಬೇಲಿ

ಈಗ ಎಲ್ಲರೂ ಸೂಚಿಸುವ 'ಸೋಲಾರ್ ಬೇಲಿ'ಯ ವಿಚಾರ. ವಿದ್ಯುತ್ ಬೇಲಿಯನ್ನು 1930ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಗ್ಯಾಲಗರ್ ಎಂಬ ರೈತನು ಬಳಕೆಗೆ ತಂದನು. ಅದರ ಕ್ರಮ ಹೀಗೆ: ಸೌರಫಲಕವು 12 ವೋಲ್ಟಿನ ಬ್ಯಾಟರಿಯನ್ನು ತುಂಬುತ್ತದೆ, ಎನರ್ಜೈಸರ್ ಎಂಬ ಪೆಟ್ಟಿಗೆಯು ಅದರಿಂದ ಸಾವಿರಾರು ವೋಲ್ಟುಗಳ ಮಿಡಿತಗಳನ್ನು, ಸೆಕೆಂಡಿಗೆ ಸುಮಾರು ಒಂದರಂತೆ, ತಂತಿಗೆ ಕಳುಹಿಸುತ್ತದೆ. ಪ್ರತಿಯೊಂದು ಮಿಡಿತವೂ ಸೆಕೆಂಡಿನ ಅತಿ ಸಣ್ಣ ಅಂಶದಷ್ಟು ಕಾಲ ಮಾತ್ರ ಇರುತ್ತದೆ. ಮುಟ್ಟಿದ ಪ್ರಾಣಿಗೆ ಥಟ್ಟನೆ ಪೆಟ್ಟು ತಾಗುತ್ತದೆ. ಮುಂದಿನ ಮಿಡಿತ ಬರುವಷ್ಟರಲ್ಲಿ ಅದು ಹಿಂದೆ ಸರಿದಿರುತ್ತದೆ.

ಇದಕ್ಕೂ ಮನೆಯ 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವುದಕ್ಕೂ ಅಜಗಜಾಂತರವಿದೆ. ವೋಲ್ಟ್ ಕಡಿಮೆಯಾದರೂ ಆ ಪ್ರವಾಹ ನಿಲ್ಲುವುದಿಲ್ಲ. ಸ್ನಾಯುಗಳು ಬಿಗಿದು, ಮುಟ್ಟಿದ ಜೀವ ಬಿಡಿಸಿಕೊಳ್ಳಲಾರದು. ನಮ್ಮ ರಾಜ್ಯದಲ್ಲಿ ಆನೆಗಳೂ, ಹಂದಿಗೆಂದು ಹಾಕಿದ ತಂತಿಯನ್ನು ತಿಳಿಯದೆ ತುಳಿದ ರೈತರೂ ಸತ್ತಿರುವುದು ಇಂತಹ ಕಾನೂನುಬಾಹಿರ ಬೇಲಿಗಳಿಂದ. ಎಂಟು ಸಾವಿರ ವೋಲ್ಟ್ ಬಿಟ್ಟುಕೊಡುತ್ತದೆ, 230 ವೋಲ್ಟ್ ಬಿಡುವುದಿಲ್ಲ. ಬೆಂಕಿ ಬಿದ್ದಾಗ ಬಿಚ್ಚಿಕೊಳ್ಳುವ ಗಂಟಿಗೂ ಬಿಚ್ಚಿಕೊಳ್ಳದ ಗಂಟಿಗೂ ಇರುವ ಭೇದವನ್ನು ವಿದ್ಯುತ್ತಿನಲ್ಲಿಯೂ ಕಾಣಬಹುದು.

ಆದರೂ ಸೋಲಾರ್ ಬೇಲಿಯು ನಿರ್ದೋಷಿಯೆಂದು ಹೇಳಲಾರೆ. ದಕ್ಷಿಣ ಆಫ್ರಿಕದಲ್ಲಿ ನೆಲಕ್ಕೆ ಹತ್ತಿರವಾದ ವಿದ್ಯುತ್ ತಂತಿಗಳಿಂದ ಆಮೆಗಳೂ ಚಿಪ್ಪುಹಂದಿಗಳೂ ಸಾಯುತ್ತವೆ. ಪೆಟ್ಟು ತಾಗಿದಾಗ ಆಮೆ ಓಡುವುದಿಲ್ಲ, ಚಿಪ್ಪಿನೊಳಗೆ ಸರಿದು ಅಲ್ಲಿಯೇ ನಿಲ್ಲುತ್ತದೆ. ಚಿಪ್ಪುಹಂದಿ ತಂತಿಯನ್ನೇ ಸುತ್ತಿಕೊಂಡು ಉಂಡೆಯಾಗುತ್ತದೆ. ಹಿಂದೆ ಸರಿಯಲು ಬಲ್ಲವರಿಗೆ ಎಚ್ಚರಿಕೆಯಾದದ್ದು, ಸರಿಯಲಾರದವರಿಗೆ ವಧೆಯಾಯಿತು. ಇನ್ನು ಆನೆಗಳೋ, ದಂತಕ್ಕೆ ವಿದ್ಯುತ್ ತಾಗುವುದಿಲ್ಲವೆಂದು ಕಲಿತು ತಂತಿಯನ್ನು ಕೀಳುತ್ತವೆ, ಮರ ಉರುಳಿಸಿ ಬೇಲಿಯನ್ನು ಮಲಗಿಸುತ್ತವೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕೆ ಸೋರಿಹೋಗುತ್ತದೆ. ಪ್ರತಿದಿನ ಸುತ್ತಿ ನೋಡುವವನಿಲ್ಲದಿದ್ದರೆ ಅದು ಬರಿಯ ತಂತಿ.

ಇನ್ನೂ ಗಟ್ಟಿಯಾದುದನ್ನು ಕಟ್ಟೋಣವೆಂದರೆ, ಹಳೆಯ ರೈಲುಹಳಿಗಳ ತಡೆಬೇಲಿಯನ್ನು ಅರಣ್ಯ ಇಲಾಖೆಯು 2010ರ ದಶಕದಿಂದ ಕಟ್ಟಿಸುತ್ತಿದೆ. ಅನೇಕ ಊರುಗಳಿಗೆ ಅದರಿಂದ ನೆಮ್ಮದಿಯಾಗಿದೆ. ಆದರೆ 2018ರ ಡಿಸೆಂಬರಿನಲ್ಲಿ ನಾಗರಹೊಳೆಯಲ್ಲಿ ಆನೆಯೊಂದು ಅದನ್ನು ದಾಟಲು ಹೋಗಿ ಹಳಿಯ ಮೇಲೆಯೇ ಸಿಕ್ಕಿ ಪ್ರಾಣ ಬಿಟ್ಟಿತು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳಿದ್ದವು. ದೇಶದಲ್ಲಿ ನಮ್ಮದೇ ಹೆಚ್ಚಿನ ಸಂಖ್ಯೆ. ಅವು ಸಾವಿರಾರು ವರ್ಷಗಳಿಂದ ನಡೆದ ದಾರಿಯಲ್ಲಿ ನಾವು ತೋಟ, ಬಡಾವಣೆ, ಗೋಶಾಲೆಗಳನ್ನು ಮಾಡಿಕೊಂಡಿದ್ದೇವೆ. ಅದೇ 2023ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ, ಬಿ.ಟಿ.ಎಂ. ಬಡಾವಣೆಗೆ ಅನತಿದೂರದ ಕೂಡ್ಲು ಗೇಟ್ ಬಳಿ ದಾರಿತಪ್ಪಿದ ಚಿರತೆಯೊಂದು ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತುಹೋಯಿತು. ಎತ್ತ ತಿರುಗಿದರೂ ಗೋಡೆಗಳೇ ಇದ್ದ ಊರಿನಲ್ಲಿ ಅದಕ್ಕೆ ಹೊರಗೆ ಹೋಗುವ ದಾರಿ ಸಿಗಲಿಲ್ಲ.

ಸಮಿತಿಗೆ ಉತ್ತರ

ಹಾಗಾದರೆ ಬೇಲಿಯೇ ಬೇಡವೇ? ಬೇಕು. ನಮ್ಮನ್ನು ನಂಬಿ ಬಂದ ಮುದಿ ಹಸುವನ್ನು ಚಿರತೆಯ ಬಾಯಿಗೆ ಬಿಟ್ಟು ಅಹಿಂಸೆಯೆನ್ನುವುದು ಪ್ರಮಾದ. ಆದರೆ ಬೇಲಿಯ ಭಾರವನ್ನು ಯಾರು ಹೊರಬೇಕು ಎಂಬುದರಲ್ಲಿ ಧರ್ಮವಿದೆ. ಯಜಮಾನನ ಹಣ, ಶ್ರಮ ಮತ್ತು ಎಚ್ಚರದ ಮೇಲೆ ನಿಂತ ಬೇಲಿ ರಕ್ಷೆ. ಪ್ರಾಣಿಯ ಮೈಮೇಲಿನ ಗಾಯದ ಮೇಲೆ ನಿಂತ ಬೇಲಿ ಬಂಧ. ನನ್ನ ಮೂರು ಎಕರೆಯಲ್ಲಿ ತಿದ್ದಿಕೊಂಡದ್ದನ್ನು ಆಧರಿಸಿ ಸಮಿತಿಗೆ ನಾಲ್ಕು ಸೂಚನೆಗಳನ್ನು ಕೊಡುತ್ತಿದ್ದೇನೆ.

ಒಂದು, ರಕ್ಷಣೆ ಬೇಕಾದದ್ದು ಮುಖ್ಯವಾಗಿ ರಾತ್ರಿ, ಅದೂ ಪ್ರಾಣಿಗಳು ಮಲಗುವ ಜಾಗಕ್ಕೆ. ಆದ್ದರಿಂದ ಮೊದಲ ಹಣ ಕೊಟ್ಟಿಗೆಗೆ ಹೋಗಲಿ. ಎದೆಮಟ್ಟಕ್ಕೆ ಕಲ್ಲುಚಪ್ಪಡಿ, ಅದರ ಮೇಲೆ ಛಾವಣಿಯವರೆಗೂ ಗಟ್ಟಿಯಾದ ಜಾಲರಿ, ತೆರಪಿಲ್ಲದ ಛಾವಣಿ. ಎದುರುಬದುರಾಗಿ ಎರಡು ಬಾಗಿಲು. ಎರಡೂ ಹೊರಕ್ಕೆ ತೆರೆಯಬೇಕು. ಅಗುಳಿಯಿರಲಿ, ಬೀಗ ಬೇಡ. ಬೆಂಕಿ ಬಿದ್ದ ರಾತ್ರಿ ಬೀಗದ ಕೈ ಬಸದಿಯ ಕಚೇರಿಯಲ್ಲಿರಬಾರದು.

ಎರಡು, ಎಲ್ಲೆಗೆ ಹಸಿರು ಬೇಲಿ. ಬದುವಿನ ಮೇಲೆ ಹೊಂಗೆ, ಗ್ಲಿರಿಸಿಡಿಯ, ಬಿದಿರು, ಸೀಗೆ. ಅದು ಬೆಳೆಯಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಕಲ್ಲುಕಂಬಗಳಿಗೆ ಮುಳ್ಳಿಲ್ಲದ ತಂತಿ; ಕೆಳಗಿನ ಎಳೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಮೇಲಿನ ಎಳೆಗೆ ಬಿಳಿಯ ಬಟ್ಟೆಯ ತುಂಡುಗಳನ್ನು ಕಟ್ಟಿ ಕಾಣುವಂತೆ ಮಾಡಿರಿ. ಹಸು ಹೊರಹೋಗದು, ಮೊಲ ಜಿಂಕೆಮರಿಗಳು ಸಿಕ್ಕಿಕೊಳ್ಳವು. ಹೊರಮಗ್ಗುಲಲ್ಲಿ ಒಂದು ನೀರಿನ ತೊಟ್ಟಿಯಿರಲಿ. ಬಾಯಾರಿದ ಜೀವ ನಿಮ್ಮ ಬೇಲಿಯನ್ನು ದಾಟಬೇಕಾದ ಕಾರಣವೇ ಇಲ್ಲದಂತಾಗಲಿ.

ಮೂರು, ವಿದ್ಯುತ್ ಬೇಲಿಯನ್ನು ಅರಣ್ಯ ಇಲಾಖೆಯವರು ಆನೆಯ ಕಾರಣದಿಂದ ಅಗತ್ಯವೆಂದರೆ ಮಾತ್ರ, ಆ ಮಗ್ಗುಲಿಗೆ ಮಾತ್ರ, ಎನರ್ಜೈಸರ್ ಸಹಿತವಾಗಿ ಹಾಕಿಸಿರಿ. ಅದನ್ನು ಆಮೆ ತೆವಳುವ ಎತ್ತರಕ್ಕೆ ತರಬೇಡಿರಿ. ಆನೆದಾರಿಯಿದ್ದರೆ ಅಷ್ಟು ಭೂಮಿಯನ್ನು ಬೇಲಿಯ ಹೊರಗೆ ಬಿಟ್ಟುಬಿಡಿರಿ; ಅದೂ ದಾನವೇ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಮತ್ತು ನಮ್ಮ ಟ್ರಸ್ಟುಗಳಿಗೆ ಅತ್ಯಂತ ಕಠಿಣವಾದದ್ದು. ಲೆಕ್ಕಶಾಸ್ತ್ರದಲ್ಲಿ ಬೇಲಿಯು ಬಂಡವಾಳ ವೆಚ್ಚ, ಕಾವಲು ಕಂದಾಯ ವೆಚ್ಚ. ಮೊದಲನೆಯದನ್ನು ಒಮ್ಮೆ ಮಾಡಿದರೆ ಮುಗಿಯಿತು. ಎರಡನೆಯದು ಪ್ರತಿ ತಿಂಗಳೂ ಬರುತ್ತದೆ. ಗೋಶಾಲೆಯ ಹೆಬ್ಬಾಗಿಲಿಗೆ ದಾನಿಗಳು ಸಿಗುತ್ತಾರೆ, ಏಕೆಂದರೆ ಅಲ್ಲಿ ಹೆಸರಿನ ಕಲ್ಲು ಕೂರುತ್ತದೆ. ಕಾವಲುಗಾರನ ಸಂಬಳದ ಮೇಲೆ ಹೆಸರು ಕೆತ್ತಲು ಬರುವುದಿಲ್ಲ. ಹೀಗಾಗಿ ಕಲ್ಲು, ಕಬ್ಬಿಣಗಳಿಗೆ ಹಣ ತುಂಬಿ, ಪ್ರಾಣಿಗಳ ಪಕ್ಕದಲ್ಲಿ ಮಲಗುವ ಮನುಷ್ಯನಿಗೆ ಹಣವಿಲ್ಲದಂತಾಗುತ್ತದೆ. 1871ರ ಜಾನುವಾರು ಅತಿಕ್ರಮ ಕಾಯಿದೆಯೂ ಸಹ, ದೊಡ್ಡಿಗೆ ತಳ್ಳಿದ ದನಕ್ಕೆ ಮೇವು ನೀರು ಕೊಡುವ ಹೊಣೆಯನ್ನು ದೊಡ್ಡಿಯ ಪಾಲಕನ ಮೇಲೆ ಹೊರಿಸಿತ್ತು. ಪರಕೀಯ ಸರಕಾರದ ದಂಡದ ದೊಡ್ಡಿಗೂ ಒಬ್ಬ ಪಾಲಕನಿದ್ದಾಗ, ದಯಾಧರ್ಮದ ಗೋಶಾಲೆ ಬರಿಯ ತಂತಿಯ ಮೇಲೆ ನಡೆಯಬಹುದೇ? ಎರಡು ಕುಟುಂಬಗಳಿಗೆ ವಸತಿ, ಗೌರವದ ಸಂಬಳ, ಇವುಗಳಿಗೆ ಶಾಶ್ವತ ನಿಧಿಯಿಟ್ಟ ಮೇಲೆ ಮೊದಲ ಹಸುವನ್ನು ಒಳಗೆ ತನ್ನಿರಿ. ನಿಧಿ ಕೂಡದಿದ್ದರೆ ಹಸುಗಳ ಸಂಖ್ಯೆಯನ್ನು ಕಡಿಮೆ ಮಾಡಿರಿ, ಕಾವಲನ್ನಲ್ಲ.

ದರಪಟ್ಟಿಯನ್ನು ಈ ಲೇಖನದೊಡನೆ ಸಮಿತಿಗೆ ಕಳುಹಿಸಿದ್ದೇನೆ. ಕಂಬ 187, ಮುಳ್ಳಿಲ್ಲದ ತಂತಿ ಮೂರು ಎಳೆ, ಜಾಲರಿ ಕೊಟ್ಟಿಗೆಯ ಅಳತೆಗೆ, ಅಗುಳಿ ನಾಲ್ಕು. ಮುಳ್ಳುತಂತಿಯ ಸಾಲಿನಲ್ಲಿ ಏನೂ ಬರೆದಿಲ್ಲ.

ಇನ್ನು ನನ್ನ ಅಂಗಡಿಯ ಮಾತು. ಹೊಸ ಮುಳ್ಳುತಂತಿಯನ್ನು ತರಿಸುವುದು ಬೇಡವೆಂದು ನಾನು ಹೇಳಿದ್ದೇನೆ. ಈಗ ವ್ಯಾಪಾರ ನಡೆಸುತ್ತಿರುವ ನನ್ನ ಮಗ ಇನ್ನೂ ಒಪ್ಪಿಲ್ಲ. “ಅಪ್ಪಾಜಿ, ನಾವು ಮಾರದಿದ್ದರೆ ಪಕ್ಕದ ಅಂಗಡಿಯವರು ಮಾರುತ್ತಾರೆ. ತಂತಿ ಎಲ್ಲಿಗೆ ಹೋಗುವುದೂ ನಿಲ್ಲುವುದಿಲ್ಲ” ಎನ್ನುತ್ತಾನೆ. ಅವನ ಮಾತಿನಲ್ಲಿ ವ್ಯವಹಾರದ ಸತ್ಯವಿದೆ. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ. ಉಗ್ರಾಣದಲ್ಲಿ ಉಳಿದಿರುವ ಹನ್ನೊಂದು ಬಂಡಲ್‌ಗಳನ್ನು ಏನು ಮಾಡಬೇಕೆಂಬುದನ್ನು ನಾವಿಬ್ಬರೂ ಇನ್ನೂ ತೀರ್ಮಾನಿಸಿಲ್ಲ. ಇಂತಹ ಸಂದಿಗ್ಧವನ್ನು ಕಂಡಿರುವ ಹಿರಿಯ ವ್ಯಾಪಾರಿ ಬಂಧುಗಳು ತಮ್ಮ ಅನುಭವವನ್ನು ಈ ಪತ್ರಿಕೆಯ ಮೂಲಕ ತಿಳಿಸಿದರೆ ಉಪಕೃತನಾಗುತ್ತೇನೆ. ನನ್ನ ವಿವೇಚನೆಯಲ್ಲಿ ತಪ್ಪಿದ್ದರೆ ಶಾಸ್ತ್ರ ಬಲ್ಲವರು ತಿದ್ದಬೇಕೆಂದು ವಿನಂತಿ.